ಹಳೆಯ ಡಿ90, ಹೊಸ ಡಿ7500: ಎರಡನ್ನೂ ಮನೆಯಲ್ಲೇ ಹೋಲಿಸಿ ನೋಡುವುದು ಹೇಗೆ

ಒಂದು ಟ್ರೈಪಾಡ್, ಒಂದು ಲೆನ್ಸ್, ಎರಡು ಕ್ಯಾಮೆರಾ. ಎದುರಿಗೆ ಸ್ಟೂಲಿನ ಮೇಲೆ ಹಿತ್ತಾಳೆ ದೀಪ, ಒಂದು ಮುಷ್ಟಿ ಚಾಲಿ ಅಡಿಕೆ, ಮಡಚಿಟ್ಟ ಕಪ್ಪು ಕೊಡೆ. ಹಿಂದೆ ಗೋಡೆಗೆ ಅಂಟಿಸಿದ ಹಳೆಯ ಪೇಪರ್. ರಾತ್ರಿ ಎಂಟೂವರೆಗೆ ಜಗಲಿಯಲ್ಲಿ ಇಷ್ಟೆಲ್ಲ ಹರಡಿಕೊಂಡು ಕೂತಿದ್ದನ್ನು ಕಂಡು ಅಮ್ಮ ಕೇಳಿದಳು: "ಇದೆಂಥ ಪೂಜೆ ಮಾರಾಯ?"

ಪೂಜೆ ಅಲ್ಲ, ಪರೀಕ್ಷೆ. ನನ್ನ ನಿಕಾನ್ ಡಿ90 ಜೊತೆಗೆ ಬೆಂಗಳೂರಿನ ಭಾವನಿಂದ ಒಂದು ವಾರದ ಮಟ್ಟಿಗೆ ಕೇಳಿ ತಂದ ಡಿ7500 ಇತ್ತು. ಅಂಥದ್ದೇ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೋ ಬೇಡವೋ ಎಂದು ನಾನು ಎರಡು ವರ್ಷದಿಂದ ತೂಗಾಡುತ್ತಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಹಗಲು ತೋಟದ ಹಕ್ಕಿ, ಹುಳ, ಮನೆಮಂದಿಯ ಫೋಟೊ ತೆಗೆಯುತ್ತೇನೆ. ನವೆಂಬರಿನಿಂದ ಮೇ ತನಕ, ಎಲ್ಲೆಲ್ಲಿ ಯಕ್ಷಗಾನ ಆಗುತ್ತದೋ ಅಲ್ಲಿ ಮುಂದಿನ ಸಾಲಿನ ತುದಿಯಲ್ಲಿ ನಾನಿರುತ್ತೇನೆ. ನನ್ನ ಪ್ರಶ್ನೆ ಹುಟ್ಟಿದ್ದು ಆ ರಾತ್ರಿಗಳಲ್ಲಿ.

ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇರುವವರು ಹೊಸದರ ಜೊತೆ ಅದನ್ನು ಹೋಲಿಸುವುದು ಹೇಗೆ ಎಂದು ಬರೆಯುತ್ತಿದ್ದೇನೆ. ನನ್ನದು ನಿಕಾನ್. ನಿಮ್ಮದು ಬೇರೆ ಕಂಪನಿಯದ್ದಾದರೂ ದಾರಿ ಇದೇ.

"ಹೊಸದು" ಎನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಡಿ90 ಬಂದಿದ್ದು 2008ರ ಆಗಸ್ಟಿನಲ್ಲಿ. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅದು. ಡಿ7500 ಬಂದಿದ್ದು 2017ರ ಏಪ್ರಿಲ್‌ನಲ್ಲಿ. ನಿಕಾನ್‌ನ ಕೊನೆಯ ಡಿಎಸ್‌ಎಲ್‌ಆರ್‌ಗಳಾದ ಡಿ780 ಮತ್ತು ಡಿ6 ಹೊರಬಂದದ್ದು 2020ರಲ್ಲಿ. ಆಮೇಲೆ ಹೆಚ್ಚಿನ ಕಂಪನಿಗಳು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಕಡೆ ಹೋದವು. ಹಾಗಾಗಿ ಈಗ ಡಿಎಸ್‌ಎಲ್‌ಆರ್ ಹುಡುಕುವವರಿಗೆ ಹೊಸದು ಅಂದರೆ ಕಡಿಮೆ ಹಳೆಯದು, ಅಷ್ಟೇ.

ಮಿರರ್‌ಲೆಸ್‌ಗೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ನನ್ನ ಹತ್ತಿರ ಇರುವುದು 50 ಎಂಎಂ ಎಫ್ 1.8 ಡಿ ಲೆನ್ಸ್. ಅದರೊಳಗೆ ಮೋಟಾರ್ ಇಲ್ಲ, ಕ್ಯಾಮೆರಾ ಬಾಡಿಯ ಮೋಟಾರೇ ತಿರುಗಿಸಬೇಕು. ಡಿ90, ಡಿ7500 ಎರಡರಲ್ಲೂ ಆ ಮೋಟಾರ್ ಇದೆ. ಮಿರರ್‌ಲೆಸ್‌ಗೆಂದು ನಿಕಾನ್ ಕೊಡುವ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಇಲ್ಲ. ಅಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕು. ಕುಣಿಯುವ ವೇಷಕ್ಕೆ ಕೈಯಲ್ಲಿ ಫೋಕಸ್? ಬೇಡಪ್ಪ.

ಮೊದಲು ಕಸದ ಬುಟ್ಟಿ ನೋಡಿ

ಹೊಸ ಕ್ಯಾಮೆರಾದ ಪಟ್ಟಿ ಓದುವ ಮೊದಲು ಹಳೆಯ ಕ್ಯಾಮೆರಾದ ಕೆಟ್ಟ ಫೋಟೊಗಳನ್ನು ನೋಡಿ. ನಾನು ಎರಡು ಸೀಸನ್ನಿನ ಆಟದ (ಯಕ್ಷಗಾನದ) ಫೋಲ್ಡರ್ ತೆರೆದು, ಬೇಡ ಎಂದು ಬದಿಗಿಟ್ಟಿದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ಪ್ರತಿಯೊಂದರ ಮುಂದೆ ಒಂದಕ್ಷರ ಬರೆದೆ. ಫೋಕಸ್ ತಪ್ಪಿದ್ದಕ್ಕೆ ಫೋ, ಅಲ್ಲಾಡಿದ್ದಕ್ಕೆ ಅ, ಕಾಳುಕಾಳಾಗಿದ್ದಕ್ಕೆ (ನಾಯ್ಸ್) ಕಾ, ಮುಖದ ಬಣ್ಣ ಬಿಳಿಚಿಕೊಂಡಿದ್ದಕ್ಕೆ ಬಿ.

ನನ್ನ ಎಣಿಕೆ "ಕಾ" ಜಾಸ್ತಿ ಬರುತ್ತದೆ ಎಂದಿತ್ತು. ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದುದೂ ಅದನ್ನೇ, "ಡಿ90ಯಲ್ಲಿ ರಾತ್ರಿ ನಾಯ್ಸ್ ಮಾರಾಯ್ರೆ" ಅಂತ. ನೋಡಿದರೆ ಅರ್ಧಕ್ಕಿಂತ ಜಾಸ್ತಿ "ಫೋ". ಆಮೇಲೆ "ಬಿ". ಬರೀ ಕಾಳಿನ ಕಾರಣಕ್ಕೆ ಬಿಟ್ಟಿದ್ದು ಬೆರಳೆಣಿಕೆಯಷ್ಟು. ಈ ಕೆಲಸಕ್ಕೆ ಒಂದು ಸಂಜೆ ಹೋಯಿತು. ಆಮೇಲಿನ ಪರೀಕ್ಷೆಯಲ್ಲಿ ಎಲ್ಲಿ ಕಣ್ಣಿಡಬೇಕು ಎಂದು ತೋರಿಸಿಕೊಟ್ಟಿದ್ದು ಇದೇ. ಇದನ್ನು ಬಿಡಬೇಡಿ.

ಪಟ್ಟಿಯ ಅಂಕಿಗಳಲ್ಲಿ ಯಾವುದಕ್ಕೆ ಬೆಲೆ

ಡಿ90 12.3 ಮೆಗಾಪಿಕ್ಸೆಲ್, ಡಿ7500 20.9. ಓದಿದರೆ ಹೆಚ್ಚುಕಮ್ಮಿ ದುಪ್ಪಟ್ಟು ಅನ್ನಿಸುತ್ತದೆ, ಅಲ್ವಾ? ಉದ್ದ ಅಗಲ ನೋಡಿ. ಡಿ90 ಫೋಟೊದ ಉದ್ದ 4288 ಪಿಕ್ಸೆಲ್, ಡಿ7500ದು 5568. ಬದಿಗೆ ಹೆಚ್ಚಿದ್ದು ಬರೀ 30 ಪರ್ಸೆಂಟ್. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಪ್ರಿಂಟ್ ಹಾಕಿಸಿದರೆ ಒಂದು 14 ಇಂಚು ಬರುತ್ತದೆ, ಇನ್ನೊಂದು ಹದಿನೆಂಟೂವರೆ. ನಾನು ಇಷ್ಟು ವರ್ಷದಲ್ಲಿ ಹಾಕಿಸಿದ ದೊಡ್ಡ ಪ್ರಿಂಟ್ ಅಂದರೆ 12ಕ್ಕೆ 18. ಅದೂ ಡಿ90ಯದ್ದೇ, ಚಾವಡಿಯಲ್ಲಿ ಇನ್ನೂ ಚಂದವಾಗೇ ತೂಗುತ್ತಿದೆ. ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡುವವರಿಗೆ ಈ 30 ಪರ್ಸೆಂಟ್ ಬೇಕು. ಉಳಿದವರು ಇದನ್ನು ಲೆಕ್ಕಕ್ಕೆ ಇಡಬೇಡಿ.

ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಂಕಿಯಂತೂ ಶುದ್ಧ ಮಾಯಾಬಜಾರು. ಡಿ90ಯದ್ದು 200ರಿಂದ 3200, ಎಳೆದರೆ 6400. ಡಿ7500ದು 100ರಿಂದ 51200, ಎಳೆದರೆ 16 ಲಕ್ಷದ 40 ಸಾವಿರ! ಅಷ್ಟಕ್ಕೆ ಏರಿಸಿ ತೆಗೆದ ಫೋಟೊದಲ್ಲಿ ಏನಿದೆ ಎಂದು ಹೇಳಲು ದೃಷ್ಟಿ ಸಾಲದು, ಭಕ್ತಿ ಬೇಕು. ಎಷ್ಟರ ತನಕ ಏರಿಸಲು ಬಿಡುತ್ತದೆ ಎನ್ನುವುದು ಒಂದು, ಎಷ್ಟರ ತನಕ ಚೆನ್ನಾಗಿರುತ್ತದೆ ಎನ್ನುವುದು ಇನ್ನೊಂದು.

ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದು ಬೇರೆ ಸಾಲುಗಳಿಗೆ. ಡಿ90ಯಲ್ಲಿ 11 ಫೋಕಸ್ ಪಾಯಿಂಟ್, ಅದರಲ್ಲಿ ನಡುವಿನ ಒಂದು ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಓದುವಂಥದ್ದು). ಡಿ7500ರಲ್ಲಿ 51, ಅದರಲ್ಲಿ 15 ಕ್ರಾಸ್ ಟೈಪ್. ಡಿ90 ಫೋಕಸ್ ಹಿಡಿಯುವುದು ಮೈನಸ್ 1 ಇವಿ (ಬೆಳಕಿನ ಅಳತೆ, ಇಳಿದಷ್ಟೂ ಕತ್ತಲೆ) ಕತ್ತಲೆ ತನಕ, ಡಿ7500 ಮೈನಸ್ 3ರ ತನಕ. ಬೆಳಕು ಅಳೆಯುವ ಸೆನ್ಸರಿನಲ್ಲಿ ಡಿ90ಗೆ 420 ಪಿಕ್ಸೆಲ್, ಡಿ7500ಗೆ 1 ಲಕ್ಷದ 80 ಸಾವಿರ. "ಫೋ" ಮತ್ತು "ಬಿ" ಎರಡಕ್ಕೂ ಮದ್ದು ಇರುವುದಾದರೆ ಇಲ್ಲೇ ಇರಬೇಕು.

ಹೊಸದರಲ್ಲಿ ಎಲ್ಲವೂ ಮೇಲು ಎಂದುಕೊಳ್ಳಬೇಡಿ. ಡಿ7500ಗಿಂತ ಎರಡು ವರ್ಷ ಮೊದಲು ಬಂದ ಡಿ7200ರಲ್ಲಿ ಎರಡು ಕಾರ್ಡ್ ಸ್ಲಾಟ್ ಇದ್ದವು. ಡಿ7500ರಲ್ಲಿ ಒಂದೇ. ತೀರಾ ಹಳೆಯ ಕೈಫೋಕಸ್ ಲೆನ್ಸ್ ಹಾಕಿದರೆ ಡಿ7200 ಬೆಳಕು ಅಳೆಯುತ್ತಿತ್ತು, ಡಿ7500 ಅಳೆಯುವುದಿಲ್ಲ. ಮದುವೆ ಫೋಟೊ ತೆಗೆಯುವವರಿಗೆ ಎರಡು ಕಾರ್ಡ್ ಅಂದರೆ ಪ್ರಾಣ. ನನಗೆ ಹಾಗೇನಿಲ್ಲ.

ಲೆನ್ಸ್ ಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ. ನಿಕಾನ್‌ನ ಎಎಫ್-ಪಿ ಲೆನ್ಸ್‌ಗಳು ಡಿ90ಯಲ್ಲಿ ಫೋಕಸ್ ಆಗುವುದಿಲ್ಲ. 200-500 ಥರದ ಇ ಲೆನ್ಸ್‌ಗಳ ಅಪರ್ಚರ್ (ಬೆಳಕು ಒಳಗೆ ಬಿಡುವ ಕಿಂಡಿ) ಬದಲಿಸಲು ಡಿ90ಗೆ ಬರುವುದಿಲ್ಲ. ಮುಂದೆ ಇಂಥದ್ದು ಕೊಳ್ಳುವ ಆಸೆ ಇದ್ದರೆ ಹೋಲಿಕೆ ಇಲ್ಲಿಗೇ ಮುಗಿಯಿತು, ಬಾಡಿ ಬದಲಾಯಿಸಲೇಬೇಕು.

ಅಡಿಕೆ, ಕೊಡೆ, ದೀಪ

ಈಗ ಸ್ಟೂಲಿನ ಹತ್ತಿರ ಬನ್ನಿ. ಅಲ್ಲಿ ಇಟ್ಟಿದ್ದು ಯಾವುದೂ ಸುಮ್ನೆ ಇಟ್ಟಿದ್ದಲ್ಲ. ಅಡಿಕೆಯ ಮೈಮೇಲೆ ಸಣ್ಣ ಗೆರೆಗಳಿವೆ, ಕ್ಯಾಮೆರಾ ಅದನ್ನು ಉಳಿಸಿಕೊಳ್ಳುತ್ತದೋ ಒರೆಸಿಹಾಕುತ್ತದೋ ಗೊತ್ತಾಗುತ್ತದೆ. ನಾಯ್ಸ್ ಮೊದಲು ಕಾಣುವುದು ಕಪ್ಪಿನಲ್ಲಿ, ಅದಕ್ಕೆ ಕೊಡೆ. ಹಿತ್ತಾಳೆ ಹೊಳಪಿಗೆ. ಪೇಪರಿನ ಅಕ್ಷರ ಚೂಪು ನೋಡಲಿಕ್ಕೆ.

ಎರಡಕ್ಕೂ ಒಂದೇ ಲೆನ್ಸ್ ಹಾಕಬೇಕು. ಇದರಲ್ಲಿ ರಾಜಿ ಇಲ್ಲ. ಹಳೆಯದರಲ್ಲಿ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವುದು), ಹೊಸದರಲ್ಲಿ ಪ್ರೈಮ್ (ಜೂಮ್ ಇಲ್ಲದ್ದು) ಹಾಕಿದರೆ ಹೋಲಿಸಿದ್ದು ಲೆನ್ಸನ್ನು, ಕ್ಯಾಮೆರಾವನ್ನಲ್ಲ. ಮ್ಯಾನ್ಯುಯಲ್ ಮೋಡ್, ಅಪರ್ಚರ್ ಎಫ್ 5.6, ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೊ), ವೈಟ್ ಬ್ಯಾಲೆನ್ಸ್ ಎರಡರಲ್ಲೂ ಒಂದೇ. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ಹಿಗ್ಗಿಸಿ ಕೈಯಲ್ಲಿ ಫೋಕಸ್ ಮಾಡಿ, ಆಮೇಲೆ ರಿಂಗ್ ಮುಟ್ಟಬೇಡಿ. ಕನ್ನಡಿ ಏಳುವಾಗ ಕ್ಯಾಮೆರಾ ಅದುರುತ್ತದೆ. ಎರಡರಲ್ಲೂ ಎಕ್ಸ್‌ಪೋಶರ್ ಡಿಲೇ ಎಂಬ ಮೆನು ಇದೆ, ಆನ್ ಮಾಡಿದರೆ ಕನ್ನಡಿ ಎದ್ದು ಒಂದು ಸೆಕೆಂಡಾದ ಮೇಲೆ ಶಟರ್ ತೆರೆಯುತ್ತದೆ.

ನಮ್ಮ ಜಗಲಿಯ ಒಂದೇ ಬಲ್ಬಿನ ಬೆಳಕಿಗೆ ಐಎಸ್‌ಒ 200ರಲ್ಲಿ ಅರ್ಧ ಸೆಕೆಂಡ್ ಬೇಕಾಯಿತು. 800ಕ್ಕೆ 1/8, 1600ಕ್ಕೆ 1/15, 3200ಕ್ಕೆ 1/30, 6400ಕ್ಕೆ 1/60. ಹೀಗೆ ಐದೈದು ಫೋಟೊ.

ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ ಮೇಲೆ ನಾನೊಂದು ಎಡವಟ್ಟು ಮಾಡಿದೆ. ಎರಡನ್ನೂ 100 ಪರ್ಸೆಂಟ್‌ಗೆ ಹಿಗ್ಗಿಸಿ ಪಕ್ಕಪಕ್ಕ ಇಟ್ಟೆ. ಐಎಸ್‌ಒ 3200ರಲ್ಲಿ ಡಿ7500ರ ಕೊಡೆಯಲ್ಲೂ ಕಾಳು, ಡಿ90ಯ ಕೊಡೆಯಲ್ಲೂ ಕಾಳು. ಒಂಬತ್ತು ವರ್ಷದಲ್ಲಿ ಇವರು ಮಾಡಿದ್ದೇನು ಎಂದು ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹೊಳೆಯಿತು. 100 ಪರ್ಸೆಂಟ್‌ನಲ್ಲಿ ನೋಡಿದರೆ 21 ಮೆಗಾಪಿಕ್ಸೆಲ್‌ನ ಫೋಟೊವನ್ನು ಜಾಸ್ತಿ ಹತ್ತಿರದಿಂದ ನೋಡಿದ ಹಾಗೆ. ಒಬ್ಬರ ಮುಖ ಎರಡಡಿ ದೂರದಿಂದ, ಇನ್ನೊಬ್ಬರದು ಒಂದೂವರೆ ಅಡಿಯಿಂದ ನೋಡಿ ಯಾರಿಗೆ ಸುಕ್ಕು ಜಾಸ್ತಿ ಎಂದರೆ ನ್ಯಾಯವಾಗುತ್ತದೆಯೇ?

ಹಾಗಾಗಿ ದೊಡ್ಡದನ್ನು 4288 ಪಿಕ್ಸೆಲ್‌ಗೆ ಇಳಿಸಿ, ಆಮೇಲೆ ಪಕ್ಕಪಕ್ಕ ಇಡಿ. ಒಂದೇ ಸಾಫ್ಟ್‌ವೇರಿನಲ್ಲಿ ತೆರೆಯಿರಿ, ನಾಯ್ಸ್ ರಿಡಕ್ಷನ್ ಎರಡಕ್ಕೂ ಸೊನ್ನೆ. ನನ್ನ ಹಳೆಯ ಸಾಫ್ಟ್‌ವೇರ್ ಡಿ7500ರ ರಾ ಫೈಲನ್ನು ತೆರೆಯಲೇ ಇಲ್ಲ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಬದಲಿಸಿಕೊಂಡೆ.

ಈಗ ಕಂಡಿದ್ದೇನು? 200ರಲ್ಲಿ ಯಾವುದು ಯಾವುದೆಂದು ಹೆಸರು ಮುಚ್ಚಿಟ್ಟರೆ ನನಗೇ ಹೇಳಲು ಬರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ, ಅವಳು ಡಿ90ಯದ್ದೇ ಚಂದ ಅಂದಳು. 800ರಲ್ಲೂ ಹೆಚ್ಚು ಫರಕಿಲ್ಲ. 1600ರಿಂದ ಮೇಲೆ ಡಿ7500 ಮುಂದೆ ಹೋಗುತ್ತದೆ. ಡಿ90ಯ 1600 ಹೇಗಿದೆಯೋ ಡಿ7500ರ 3200ಕ್ಕಿಂತ ತುಸು ಕೆಳಗೆ ಹಾಗಿದೆ. ಅಂದರೆ ಒಂದು ಸ್ಟಾಪ್‌ಗಿಂತ (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವ ಒಂದು ಮೆಟ್ಟಿಲು) ಸ್ವಲ್ಪ ಕಮ್ಮಿ ಲಾಭ. ಸೆನ್ಸರ್ ಅಳೆಯುವ ಡಿಎಕ್ಸ್‌ಒ ಮಾರ್ಕ್‌ನ ಅಂಕಿಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಕಡಿಮೆ ಬೆಳಕಿನ ಐಎಸ್‌ಒ ಡಿ90ಗೆ 977, ಡಿ7500ಗೆ 1483. ಜೆಪೆಗ್ ತೆಗೆಯುವವರಿಗೆ ಫರಕು ಇದಕ್ಕಿಂತ ಜಾಸ್ತಿ ಕಾಣಬಹುದು. ಹೊಸ ಕ್ಯಾಮೆರಾ ಒಳಗೇ ಕಾಳನ್ನು ಚೆನ್ನಾಗಿ ಆರಿಸಿಹಾಕುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕ್ಯಾಮೆರಾ ಕೊಳ್ಳುತ್ತಲೇ ಇರಲಿಲ್ಲ.

ಬೇಕೆಂದೇ ಕಪ್ಪಾಗಿ ತೆಗೆಯಿರಿ

ಐಎಸ್‌ಒ ತೀರಾ ಕೆಳಗಿಡಿ. ಡಿ90ಗೆ 200, ಡಿ7500ಗೆ 100. ಸರಿಯಾದ ಬೆಳಕಿಗಿಂತ ಮೂರು ಸ್ಟಾಪ್ ಕಮ್ಮಿ ಮಾಡಿ ಒಂದೊಂದು ಫೋಟೊ ತೆಗೆಯಿರಿ. ಫೋಟೊ ಮಸಿಯ ಹಾಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಮೂರು ಸ್ಟಾಪ್ ಮೇಲೆತ್ತಿ.

ಡಿ90ಯ ಕೊಡೆ ಮೇಲೆದ್ದಿತು, ಜೊತೆಗೆ ಕೆಂಪು, ನೇರಳೆ ಚುಕ್ಕೆಗಳೂ ಎದ್ದವು. ರಾಗಿ ಹಿಟ್ಟಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ. ಡಿ7500ರ ಕೊಡೆಯಲ್ಲಿ ಬಟ್ಟೆಯ ನೇಯ್ಗೆ ಕಂಡಿತು, ಕಡ್ಡಿಯ ತುದಿಯ ತುಕ್ಕೂ ಕಂಡಿತು. ಡಿಎಕ್ಸ್‌ಒ ಮಾರ್ಕ್ ಲೆಕ್ಕದಲ್ಲಿ ಡೈನಾಮಿಕ್ ರೇಂಜ್ (ಕತ್ತಲೆಯಿಂದ ಹೊಳಪಿನ ತನಕ ವಿವರ ಉಳಿಸುವ ವ್ಯಾಪ್ತಿ) ಡಿ90ಗೆ 12.5 ಸ್ಟಾಪ್, ಡಿ7500ಗೆ 14 ಸ್ಟಾಪ್. ಬರೀ ಅಂಕಿ ಓದಿದಾಗ ಒಂದೂವರೆ ಅಂದರೆ ಎಷ್ಟು ಎಂದು ಗೊತ್ತಾಗಿರಲಿಲ್ಲ.

ಬಣ್ಣದ ವೇಷ ತೆಗೆಯುವವರಿಗೆ ಇದು ಮುಖ್ಯ. ಮುಖದ ಮೇಲೆ ಬಿಳಿ, ಕಿರೀಟದ ಮೇಲೆ ಹೊಳಪು, ಹಿಂದೆ ಕಪ್ಪು ಪರದೆ. ಹೊಳಪು ಉಳಿಸಲು ಕಮ್ಮಿ ಬೆಳಕಿಗೆ ತೆಗೆದರೆ ಕಸೆ ಸೀರೆಯ ಮಡಿಕೆಗಳು ಕತ್ತಲಲ್ಲಿ ಮುಳುಗುತ್ತವೆ. ಮುಳುಗಿದ್ದನ್ನು ಎತ್ತಲು ಬರಬೇಕು. ಡಿ7500ರಲ್ಲಿ ಹೈಲೈಟ್ ವೆಯ್ಟೆಡ್ ಎಂಬ ಮೀಟರಿಂಗ್ ಕೂಡ ಇದೆ. ಹೊಳೆಯುವ ಜಾಗವನ್ನೇ ನೋಡಿ ಬೆಳಕು ಅಳೆಯುತ್ತದೆ, ಮುಖ ಬಿಳಿಚುವುದು ಕಮ್ಮಿ. ನನ್ನ "ಬಿ" ರಾಶಿಗೆ ಮದ್ದು ಇದೇ.

ಅಂಗಳದಲ್ಲಿ ಮಾಣಿ

ಇನ್ನು "ಫೋ". ನಿಂತ ಅಡಿಕೆಯ ಮೇಲೆ ಫೋಕಸ್ ಪರೀಕ್ಷೆ ಮಾಡಿ ಏನೂ ಸಿಗುವುದಿಲ್ಲ. ಅಕ್ಕನ ಮಗನನ್ನು ಹಿಡಿದುಕೊಂಡೆ, ಹನ್ನೊಂದು ವರ್ಷ, ಆಟದ ಹುಚ್ಚು ನನ್ನಷ್ಟೇ. ಅಂಗಳದಲ್ಲಿ ಒಂದೇ ಬಲ್ಬ್ ಹಾಕಿ, ಮಂಡಿ ಹಾಕಿ ತಿರುಗು ಎಂದೆ. 50 ಎಂಎಂ, ಎಫ್ 2, 1/250, ಐಎಸ್‌ಒ 6400. ಎರಡರಲ್ಲೂ ಫೋಕಸ್ ಸಹಾಯದ ದೀಪ ಆಫ್ ಮಾಡಿದೆ. ಆಟದಲ್ಲಿ ವೇಷದ ಕಣ್ಣಿಗೆ ಅದನ್ನು ಹೊಡೆದರೆ ಭಾಗವತರು ಹಾಡಿನಲ್ಲೇ ಬೈದಾರು.

ಮೊದಲ ಸುತ್ತು ನಡುವಿನ ಪಾಯಿಂಟಿನಲ್ಲಿ. ಡಿ90 ಮರ್ಯಾದೆ ಉಳಿಸಿಕೊಂಡಿತು. ಎರಡನೇ ಸುತ್ತು ಬದಿಯ ಪಾಯಿಂಟಿನಲ್ಲಿ, ಮುಖ ಚೌಕಟ್ಟಿನ ಮೇಲಿನ ಮೂಲೆಗೆ ಬರುವ ಹಾಗೆ. ಲೆನ್ಸ್ ಹಿಂದೆ ಮುಂದೆ ಹುಡುಕುತ್ತಾ ನಿಂತಿತು. ಮಾಣಿ ತಿರುಗಿ ಮುಗಿಸಿ ನೀರು ಕುಡಿಯಲು ಹೋದ. ಡಿ7500ರಲ್ಲಿ ಅದೇ ಕೆಲಸಕ್ಕೆ ಹೆಚ್ಚಿನವು ಸಿಕ್ಕವು. ಎಲ್ಲವೂ ಅಲ್ಲ, ಹಾಗಂತ ಹೇಳಿದರೆ ಸುಳ್ಳಾಗುತ್ತದೆ.

ಕಾರಣ ಕಣ್ಣಿಗೆ ಕಾಣುವ ಹಾಗೆ ನೋಡಬೇಕೆಂದರೆ ಹೀಗೆ ಮಾಡಿ. ಮಂದ ಬೆಳಕಿನಲ್ಲಿ ಗೋಡೆಯ ಮೇಲೆ ಒಂದು ಕರಿ ಪಟ್ಟಿ ಅಂಟಿಸಿ. ಡಿ90ಯ ಬದಿಯ ಪಾಯಿಂಟನ್ನು ಅದರ ಮೇಲಿಟ್ಟು ಅರ್ಧ ಒತ್ತಿ, ಆಮೇಲೆ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ ಮತ್ತೆ ಒತ್ತಿ. ಒಂದು ದಿಕ್ಕಿನಲ್ಲಿ ಹಿಡಿಯುತ್ತದೆ, ಇನ್ನೊಂದರಲ್ಲಿ ಪೇಚಾಡುತ್ತದೆ. ಕ್ರಾಸ್ ಟೈಪ್ ಪಾಯಿಂಟ್ ಅಡ್ಡ ಗೆರೆಯನ್ನೂ ಉದ್ದ ಗೆರೆಯನ್ನೂ ಓದುತ್ತದೆ. ಉಳಿದವು ಒಂದನ್ನು ಮಾತ್ರ. ಇಷ್ಟು ವರ್ಷ ನಾನು ನಡುವಿನ ಪಾಯಿಂಟಿನಲ್ಲಿ ಹಿಡಿದು ಆಮೇಲೆ ಚೌಕಟ್ಟು ಸರಿಸುತ್ತಿದ್ದೆ. ಎಫ್ 2ರಲ್ಲಿ ಆ ಸರಿಸುವಷ್ಟರಲ್ಲಿ ವೇಷ ಒಂದು ಹೆಜ್ಜೆ ಮುಂದೆ ಬಂದಿರುತ್ತದೆ. ಕಣ್ಣಿನ ಬದಲು ಕಿವಿಯ ಓಲೆ ಚೂಪಾಗಿರುತ್ತದೆ.

ಆಟದ ರಾತ್ರಿ ಕಂಡ ಇನ್ನೊಂದು ವಿಷಯ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. 1/250ರಲ್ಲಿ ಸಾಲಾಗಿ ತೆಗೆದರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಕಪ್ಪು. ಡಿ7500ರಲ್ಲಿ ಫ್ಲಿಕರ್ ರಿಡಕ್ಷನ್ ಆನ್ ಮಾಡಿದರೆ ಬೆಳಕಿನ ತುದಿಗೆ ಕಾದು ಶಟರ್ ತೆರೆಯುತ್ತದೆ. ಡಿ90ಯಲ್ಲಿ ಇದಿಲ್ಲ. ಪಟ್ಟಿ ಓದುವಾಗ ಈ ಸಾಲನ್ನು ನಾನು ನೋಡಿಯೂ ಇರಲಿಲ್ಲ. ಹಾಗಾಗಿ ಕೈಗೆ ಸಿಕ್ಕ ಕ್ಯಾಮೆರಾವನ್ನು ನೀವು ದಿನಾ ಫೋಟೊ ತೆಗೆಯುವ ಜಾಗಕ್ಕೇ ಒಯ್ಯಿರಿ. ಕೊಡುವ ಭಾವ ಇಲ್ಲದಿದ್ದರೆ ಬೆಂಗಳೂರಿನಂಥ ಊರಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಪರೀಕ್ಷೆಗೆ ಎರಡು ದಿನ ಸಾಕು.

ವೇಗ, ವಿಡಿಯೊ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಸೆಕೆಂಡಿಗೆ 4.5 ಎಲ್ಲಿ, 8 ಎಲ್ಲಿ. 720ಪಿ ಎಲ್ಲಿ, 4ಕೆ ಎಲ್ಲಿ. ಬೇಕಾದವರಿಗೆ ಕೇಳುವುದೇ ಬೇಡ.

ಕೊಳ್ಳುವ ದಿನ

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಕಾರ್ಡ್, ನಿಮ್ಮದೇ ಲೆನ್ಸ್ ಒಯ್ಯಿರಿ. ನನಗೆ ಒಬ್ಬ ಮಾರಾಟಗಾರ ಫೋನಿನಲ್ಲಿ "ಬರೀ 8 ಸಾವಿರ ಕ್ಲಿಕ್ ಸಾರ್" ಎಂದಿದ್ದ. ಹೋಗಿ ನನ್ನ ಕಾರ್ಡ್ ಹಾಕಿ ಒಂದು ಜೆಪೆಗ್ ತೆಗೆದು, ಲ್ಯಾಪ್‌ಟಾಪಿನಲ್ಲಿ ಫೋಟೊದೊಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್‌ಗೆ ಕೊಟ್ಟೆ. ಶಟರ್ ಕೌಂಟ್ 61 ಸಾವಿರ ಚಿಲ್ಲರೆ. ಅವನು ಚಹಾ ಕುಡೀತೀರಾ ಎಂದು ಕೇಳಿದ. ಕುಡಿದು ಬಂದೆ. ನಿಕಾನ್ ಶಟರನ್ನು ಪರೀಕ್ಷಿಸಿದ್ದು ಡಿ90ಗೆ 1 ಲಕ್ಷ, ಡಿ7500ಗೆ ಒಂದೂವರೆ ಲಕ್ಷ ಕ್ಲಿಕ್‌ಗೆ. ಹಾಗಾಗಿ 61 ಸಾವಿರ ಏನೂ ಕೆಟ್ಟದಲ್ಲ. ಕೆಟ್ಟದ್ದು ಸುಳ್ಳು. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೋಟೊದಲ್ಲಿ ಈ ಲೆಕ್ಕ ಅಳಿಸಿಹೋಗಿರುತ್ತದೆ, ಅದನ್ನು ನಂಬಿ ಹೊರಡಬೇಡಿ.

ಅಲ್ಲೇ ಇನ್ನೆರಡು ಫೋಟೊ ತೆಗೆಯಿರಿ. ಬಿಳಿ ಗೋಡೆಯದ್ದು ಎಫ್ 16ರಲ್ಲಿ, ಫೋಕಸ್ ಬೇಕೆಂದೇ ತಪ್ಪಿಸಿ. ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸ್ ಮುಚ್ಚಳ ಹಾಕಿ 10 ಸೆಕೆಂಡಿನದ್ದೊಂದು. ಹಾಟ್ ಪಿಕ್ಸೆಲ್ ಎನ್ನುವ ಕೆಟ್ಟ ಪಿಕ್ಸೆಲ್‌ಗಳು ನಕ್ಷತ್ರದ ಹಾಗೆ ಮಿನುಗುತ್ತವೆ. ನಮ್ಮ ಕಡೆಯ ಕ್ಯಾಮೆರಾ ಆದರೆ ವ್ಯೂಫೈಂಡರಿಗೆ ಟಾರ್ಚ್ ಹಿಡಿದು ಬೂಸ್ಟು ಹಿಡಿದಿದೆಯಾ ನೋಡಿ. ಮಲೆನಾಡಿನ ಮಳೆಗಾಲ ಯಾರನ್ನೂ ಬಿಡುವುದಿಲ್ಲ.

ಬಾಡಿಯ ಬೆಲೆಯ ಮೇಲೆ ಇನ್ನೊಂದಿಷ್ಟು ಖರ್ಚು ಹಿಡಿದುಕೊಳ್ಳಿ. ಡಿ90ಯ ಬ್ಯಾಟರಿ ಡಿ7500ಗೆ ಆಗುವುದಿಲ್ಲ. ರಾ ಫೈಲ್ ಒಂದಕ್ಕೆ ಹತ್ತು ಹನ್ನೊಂದು ಎಂಬಿ ಇದ್ದಿದ್ದು ಸುಮಾರು 25 ಆಗುತ್ತದೆ. ದೊಡ್ಡ ಕಾರ್ಡ್ ಬೇಕು, ಹಾರ್ಡ್ ಡಿಸ್ಕೂ ಬೇಕು. ಹಾಗೆ ಕೊಂಡ 64 ಜಿಬಿ ಕಾರ್ಡನ್ನು ಡಿ90ಗೆ ಹಾಕಿ ನೋಡಬೇಡಿ, ಇಷ್ಟು ದೊಡ್ಡ ಕಾರ್ಡಿನ ಎಸ್‌ಡಿಎಕ್ಸ್‌ಸಿ ಜಾತಿ ಅದು ಹುಟ್ಟಿದ ಮೇಲೆ ಬಂದಿದ್ದು.

ಕೊನೆಗೆ ಮೈಸೂರಿನಲ್ಲಿ 19 ಸಾವಿರ ಕ್ಲಿಕ್ ಆದ ಒಂದು ಡಿ7500 ಸಿಕ್ಕಿತು. 50 ಎಂಎಂ ಅದರಲ್ಲಿ ಕೂದಲೆಳೆಯಷ್ಟು ಹಿಂದೆ ಫೋಕಸ್ ಆಗುತ್ತಿತ್ತು. ಎಎಫ್ ಫೈನ್ ಟ್ಯೂನ್‌ನಲ್ಲಿ ಸರಿ ಮಾಡಿಕೊಂಡೆ, ಡಿ90ಯಲ್ಲಿ ಆ ಮೆನುವೇ ಇಲ್ಲ. ಡಿ90 ಮಾರಲಿಲ್ಲ. ಕೇಳಿದ ಬೆಲೆ ಕೇಳಿ ನಗು ಬಂತು. ಅದಕ್ಕೀಗ 18-105 ಕಾಯಂ ಆಗಿ ಕೂತಿದೆ, ಹಗಲು ತೋಟಕ್ಕೆ ಅದೇ ಹೋಗುವುದು. ಮಾಣಿ ಮೊನ್ನೆ ಅದರಲ್ಲಿ ಕೆಂಬೂತ ಒಂದನ್ನು ತೆಗೆದಿದ್ದಾನೆ, ನಡುವಿನ ಪಾಯಿಂಟಿನಲ್ಲಿ, ಕಣ್ಣು ಕೆಂಡದ ಹಾಗೆ ಚೂಪಾಗಿ.